ಬೂಟ್ ಆಗುವಾಗ 90 ಸೆಕೆಂಡ್ ಕಾಯ್ದು ‘ಎಮರ್ಜೆನ್ಸಿ ಮೋಡ್’ಗೆ ಹೋಗುತ್ತಿದೆ, ಡಿಸ್ಕ್ ಕೆಟ್ಟಿತಾ?

ಕಪ್ಪುಪರದೆ

ಎಲ್ಲರಿಗೂ ನಮಸ್ಕಾರ. ಡೆಬಿಯನ್ 12 ಲಿನಕ್ಸ್ ಹಾಕಿರುವ ಡೆಸ್ಕ್‌ಟಾಪ್ ಇದು. ಸಿಸ್ಟಮ್ ಇರುವುದು ಎಸ್‌ಎಸ್‌ಡಿಯಲ್ಲಿ. ಜೊತೆಗೆ 2 ಟಿಬಿಯ ಒಂದು ಹಾರ್ಡ್ ಡಿಸ್ಕ್ ಇದೆ, ಅದರಲ್ಲಿ ‘/ಡೇಟಾ’, ‘/ಬ್ಯಾಕಪ್’ ಅಂತ ಎರಡು ಪಾರ್ಟಿಷನ್, ಕೊನೆಯಲ್ಲಿ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಜಾಗ). ನಿನ್ನೆ ಲೈವ್ ಯುಎಸ್‌ಬಿಯಿಂದ ಜಿಪಾರ್ಟೆಡ್ (ಪಾರ್ಟಿಷನ್ ತಿದ್ದುವ ಪ್ರೋಗ್ರಾಮು) ತೆರೆದು ಡೇಟಾ ಪಾರ್ಟಿಷನ್ ಸ್ವಲ್ಪ ಕುಗ್ಗಿಸಿದೆ. ಬ್ಯಾಕಪ್ ಮತ್ತು ಸ್ವಾಪ್ ಎರಡನ್ನೂ ಅಳಿಸಿ, ದೊಡ್ಡದಾಗಿ ಮತ್ತೆ ಮಾಡಿ ಫಾರ್ಮ್ಯಾಟ್ ಮಾಡಿದೆ. ಬ್ಯಾಕಪ್ಪಿನಲ್ಲಿ ಇದ್ದದ್ದಕ್ಕೆ ಬೇರೆ ಪ್ರತಿ ಇದೆ, ಅದು ಹೋದರೂ ಚಿಂತೆ ಇಲ್ಲ. ಆದರೆ ‘/ಡೇಟಾ’ದಲ್ಲಿ ಇರುವುದಕ್ಕೆ ಈಗ ಎಲ್ಲೂ ಪ್ರತಿ ಇಲ್ಲ.

ಜಿಪಾರ್ಟೆಡ್ ಎಲ್ಲ ಹಸಿರು ಟಿಕ್ ತೋರಿಸಿತು, ಒಂದೂ ಎರರ್ ಇಲ್ಲ. ರೀಸ್ಟಾರ್ಟ್ ಮಾಡಿದ ಮೇಲೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್ ಫಾರ್’ ಅಂತ ಬಂದು ಕೆಂಪು ನಕ್ಷತ್ರಗಳು ಅತ್ತಿಂದಿತ್ತ ಓಡುತ್ತವೆ, ಪಕ್ಕದಲ್ಲಿ 1 ನಿಮಿಷ 30 ಸೆಕೆಂಡಿನ ಲೆಕ್ಕ. ಅದು ಮುಗಿದ ಕೂಡಲೇ ‘ಯು ಆರ್ ಇನ್ ಎಮರ್ಜೆನ್ಸಿ ಮೋಡ್’, ಕೆಳಗೆ ರೂಟ್ ಪಾಸ್‌ವರ್ಡ್ ಕೇಳುತ್ತದೆ. ಕಂಟ್ರೋಲ್-ಡಿ ಒತ್ತಿದರೆ ಮತ್ತೆ ಅದೇ ಕಾಯುವಿಕೆ, ಅದೇ ಪರದೆ. ಒಬ್ಬರು ಫೈಲ್‌ಸಿಸ್ಟಮ್ ಪರೀಕ್ಷಿಸಿ ರಿಪೇರಿ ಮಾಡುವ ‘ಎಫ್‌ಎಸ್‌ಸಿಕೆ -ವೈ’ ಓಡಿಸು ಅಂದರು, ಇನ್ನೊಬ್ಬರು ಹೊಸದಾಗಿ ಇನ್‌ಸ್ಟಾಲ್ ಮಾಡು ಅಂದರು. ಎರಡಕ್ಕೂ ಕೈ ಹಾಕಿಲ್ಲ. ಮೊದಲು ಏನು ನೋಡಬೇಕು ಹೇಳಿ.

ಹಳೇಕರ್ನಲ್

ಕೈ ಹಾಕದೆ ಇದ್ದದ್ದು ಒಳ್ಳೆಯದಾಯಿತು. ಎರಡನ್ನೂ ಈಗ ಮಾಡಬೇಡಿ. ನೀವು ಹೇಳಿದ ಲಕ್ಷಣ ನೋಡಿದರೆ ಡಿಸ್ಕ್ ಕೆಟ್ಟ ಹಾಗೆ ಕಾಣುವುದಿಲ್ಲ, ಡೇಟಾ ಹೋದ ಹಾಗೂ ಕಾಣುವುದಿಲ್ಲ.

ಬೂಟ್ ಆಗುವಾಗ ಎಲ್ಲವನ್ನೂ ಶುರುಮಾಡುವ ಸಿಸ್ಟಮ್‌ಡಿ, ಯಾವ ಪಾರ್ಟಿಷನ್ನನ್ನು ಯಾವ ಫೋಲ್ಡರಿಗೆ ಜೋಡಿಸಬೇಕು (ಮೌಂಟ್ ಮಾಡಬೇಕು) ಅಂತ ಬರೆದಿರುವ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲನ್ನು ಹಾಜರಿ ಪುಸ್ತಕದ ಹಾಗೆ ಹಿಡಿದುಕೊಂಡು ಕೂರುತ್ತದೆ. ಅದರಲ್ಲಿ ಬರೆದ ಪ್ರತಿಯೊಂದು ಸಾಲಿಗೂ ಒಂದು ಮೌಂಟ್ ಅಥವಾ ಸ್ವಾಪ್ ಯೂನಿಟ್ (ಮಾಡಬೇಕಾದ ಒಂದು ಕೆಲಸ) ಮಾಡಿಕೊಳ್ಳುತ್ತದೆ, ಆ ಡಿವೈಸ್ ಬರಲಿ ಅಂತ ಕಾಯುತ್ತದೆ. ಆ ಕಾಯುವ ಡೀಫಾಲ್ಟ್ ಅವಧಿಯೇ 90 ಸೆಕೆಂಡು, ಅಂದರೆ ನೀವು ಕಂಡ 1 ನಿಮಿಷ 30 ಸೆಕೆಂಡು. ಅಷ್ಟರಲ್ಲಿ ಡಿವೈಸ್ ಬರದಿದ್ದರೆ ಆ ಮೌಂಟ್ ಫೇಲ್, ಅದು ಫೇಲ್ ಆದರೆ ‘ಲೋಕಲ್-ಎಫ್‌ಎಸ್ ಟಾರ್ಗೆಟ್’ (ಎಲ್ಲ ಮೌಂಟ್ ಮುಗಿಯಿತು ಅನ್ನುವ ಹಂತ) ಫೇಲ್, ಅದು ಫೇಲ್ ಆದರೆ ನೇರ ಎಮರ್ಜೆನ್ಸಿ ಮೋಡ್. ಆ ಸಾಲು ನಿಮಗೆ ಮುಖ್ಯವೋ ಅಲ್ಲವೋ ಅಂತ ಅದಕ್ಕೆ ಗೊತ್ತಿಲ್ಲ. ‘ನೋಫೇಲ್’ (ಸಿಗದಿದ್ದರೂ ಮುಂದೆ ಹೋಗು) ಅಂತ ಬರೆಯದ ಪ್ರತಿ ಮೌಂಟ್ ಸಾಲೂ ಅದರ ಲೆಕ್ಕಕ್ಕೆ ಬೇಕೇ ಬೇಕು.

ಮೊದಲು ಹೀಗಿರಲಿಲ್ಲ. ಸಿಸ್ಟಮ್‌ಡಿ ಜಾಗದಲ್ಲಿ ಹಳೆಯ ಸಿಸ್ಟಮ್-ವಿ ಇನಿಟ್ ಇದ್ದಾಗ ಒಂದು ಡಿಸ್ಕ್ ಸಿಗದಿದ್ದರೆ ಬಿಟ್ಟು ಮುಂದೆ ಹೋಗುತ್ತಿತ್ತು. 2015ರಲ್ಲಿ ಡೆಬಿಯನ್ 8 ಬಂದಾಗ ಸಿಸ್ಟಮ್‌ಡಿ ಡೀಫಾಲ್ಟ್ ಆಯಿತು, ಮೌಂಟ್ ವಿಷಯದಲ್ಲಿ ಇನ್ನು ಮುಂದೆ ಬಿಗಿ ಜಾಸ್ತಿ ಅಂತ ಅದರ ರಿಲೀಸ್ ನೋಟ್ಸಿನಲ್ಲೇ ಎಚ್ಚರಿಕೆ ಇತ್ತು. ಈ ಬಿಗಿ ಸರಿ ಅಂತಲೇ ನನ್ನ ಅಭಿಪ್ರಾಯ. ಡೇಟಾಬೇಸ್ ಇರಬೇಕಾದ ಡಿಸ್ಕ್ ಮೌಂಟ್ ಆಗದೆ, ಖಾಲಿ ಫೋಲ್ಡರಿನ ಮೇಲೆ ಸರ್ವರ್ ಶುರುವಾದರೆ ಅದು ಇದಕ್ಕಿಂತ ದೊಡ್ಡ ತಲೆನೋವು.

ಈಗ ಮಾಡಬೇಕಾದ್ದು ಇಷ್ಟೇ. ರೂಟ್ ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ. ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ನೋಡಿ, ಆಮೇಲೆ ‘ಜರ್ನಲ್‌ಸಿಟಿಎಲ್ -ಬಿ’ ತೆರೆದು ‘ಟೈಮ್ಡ್ ಔಟ್’ ಮತ್ತು ‘ಡಿಪೆಂಡೆನ್ಸಿ ಫೇಲ್ಡ್’ ಅಂತ ಇರುವ ಸಾಲುಗಳನ್ನು ಹುಡುಕಿ. ಜೊತೆಗೆ ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಏನು ತೋರಿಸುತ್ತದೆ, ‘ಎಫ್‌ಎಸ್‌ಟ್ಯಾಬ್’ನಲ್ಲಿ ಏನಿದೆ, ಎರಡನ್ನೂ ಇಲ್ಲಿ ಹಾಕಿ. ಇವೆಲ್ಲ ಓದುವ ಕೆಲಸ ಮಾತ್ರ, ಡಿಸ್ಕಿಗೆ ಏನೂ ಬರೆಯುವುದಿಲ್ಲ. ಧೈರ್ಯವಾಗಿ ಮಾಡಿ.

ಒಂದು ಮಾತು. ಜರ್ನಲ್ಲಿನಲ್ಲಿ ಹೆಸರುಗಳು ವಿಚಿತ್ರವಾಗಿ ಕಾಣುತ್ತವೆ. ಪಾಥಿನ ಸ್ಲ್ಯಾಷ್ ಇದ್ದ ಕಡೆ ಹೈಫನ್ ಬಂದಿರುತ್ತದೆ, ನಿಜವಾದ ಹೈಫನ್ ಇದ್ದ ಕಡೆ ‘\ಎಕ್ಸ್2ಡಿ’ ಅಂತ ಬಂದಿರುತ್ತದೆ. ಅದು ಹಾಳಾದ ಅಕ್ಷರ ಅಲ್ಲ, ಸಿಸ್ಟಮ್‌ಡಿ ಹೆಸರಿಡುವ ರೀತಿಯೇ ಹಾಗೆ.

ಕಪ್ಪುಪರದೆ

ತುಂಬಾ ಧನ್ಯವಾದ ಸರ್. ನೋಡಿದೆ. ಅಲ್ಲಿ ನಕಲು ಮಾಡಲು ಆಗದ ಕಾರಣ ಫೋಟೋ ತೆಗೆದು, ನೋಡಿಕೊಂಡು ಬರೆಯುತ್ತಿದ್ದೇನೆ. ಯುಯುಐಡಿಗಳ (ಉದ್ದನೆಯ ಗುರುತಿನ ಸಂಖ್ಯೆ) ಮೊದಲ ನಾಲ್ಕು ಅಕ್ಷರ ಮಾತ್ರ ಹಾಕಿದ್ದೇನೆ.

ಜರ್ನಲ್ಲಿನಲ್ಲಿ ‘ಟೈಮ್ಡ್ ಔಟ್ ವೇಟಿಂಗ್ ಫಾರ್ ಡಿವೈಸ್’ ಎರಡು ಸಲ ಇದೆ, ಒಂದರಲ್ಲಿ 7ಸಿ1ಇ, ಇನ್ನೊಂದರಲ್ಲಿ ಎ93ಎಫ್. ಅದರ ಕೆಳಗೆ ‘ಡಿಪೆಂಡೆನ್ಸಿ ಫೇಲ್ಡ್ ಫಾರ್ ಬ್ಯಾಕಪ್.ಮೌಂಟ್’, ಆಮೇಲೆ ‘ಡಿಪೆಂಡೆನ್ಸಿ ಫೇಲ್ಡ್ ಫಾರ್ ಲೋಕಲ್-ಎಫ್‌ಎಸ್.ಟಾರ್ಗೆಟ್’. ಸ್ವಾಪ್ ಹೆಸರಿನ ಒಂದು ಸಾಲೂ ಇದೆ.

‘ಎಫ್‌ಎಸ್‌ಟ್ಯಾಬ್’ನಲ್ಲಿ ಬ್ಯಾಕಪ್ ಸಾಲು 7ಸಿ1ಇ, ಸ್ವಾಪ್ ಸಾಲು ಎ93ಎಫ್. ‘ಎಲ್‌ಎಸ್‌ಬಿಎಲ್‌ಕೆ’ ತೋರಿಸುವುದು ಬೇರೆ. ಎಸ್‌ಡಿಎ2 ಎಕ್ಸ್‌ಟಿ4, ಯುಯುಐಡಿ 51ಡಿ8. ಎಸ್‌ಡಿಎ3 ಸ್ವಾಪ್, ಯುಯುಐಡಿ ಇ06ಬಿ. ಡೇಟಾ ಪಾರ್ಟಿಷನ್ ಮಾತ್ರ ಎರಡು ಕಡೆಯೂ ಒಂದೇ ಇದೆ, ಅದರ ಎದುರಿಗೆ ಮೌಂಟ್ ಪಾಯಿಂಟ್ ‘/ಡೇಟಾ’ ಅಂತಲೂ ತೋರಿಸುತ್ತಿದೆ. ಹಾಗಾದರೆ ಅದು ಮೌಂಟ್ ಆಗಿದೆ ಅಂತಲಾ?

ಹಳೇಕರ್ನಲ್

ಹೌದು, ಮೌಂಟ್ ಆಗಿದೆ. ‘ಎಲ್‌ಎಸ್ /ಡೇಟಾ’ ಕೊಟ್ಟು ನೋಡಿ, ಫೈಲುಗಳು ಕಾಣುತ್ತವೆ. ಮೊದಲು ಆ ಒಂದು ಭಯ ಬಿಡಿ.

ಆಗಿರುವುದು ಇದು. ಫೈಲ್‌ಸಿಸ್ಟಮ್ಮಿನ ಯುಯುಐಡಿ ಡಿಸ್ಕಿನದ್ದಲ್ಲ, ಪಾರ್ಟಿಷನ್ನಿನದ್ದೂ ಅಲ್ಲ. ಫಾರ್ಮ್ಯಾಟ್ ಮಾಡುವಾಗ ಹುಟ್ಟಿ, ಫೈಲ್‌ಸಿಸ್ಟಮ್ಮಿನ ಸೂಪರ್‌ಬ್ಲಾಕ್ (ಅದರ ಸ್ವಂತ ವಿವರ ಇರುವ ಭಾಗ) ಒಳಗೆ ಕೂರುತ್ತದೆ. ಕುಗ್ಗಿಸಿದರೆ, ಹಿಗ್ಗಿಸಿದರೆ, ಜರುಗಿಸಿದರೆ ಬದಲಾಗುವುದಿಲ್ಲ, ಅದಕ್ಕೇ ‘/ಡೇಟಾ’ ಸರಿಯಾಗಿ ಬಂತು. ಮತ್ತೆ ಫಾರ್ಮ್ಯಾಟ್ ಮಾಡಿದರೆ ಹೊಸದು ಹುಟ್ಟುತ್ತದೆ. ಸ್ವಾಪಿಗೂ ಹಾಗೆಯೇ, ‘ಎಂಕೆಸ್ವಾಪ್’ ಓಡಿದಾಗಲೆಲ್ಲ ಹೊಸ ಯುಯುಐಡಿ. ಜಿಪಾರ್ಟೆಡ್ ತನ್ನ ಕೆಲಸ ಸರಿಯಾಗಿಯೇ ಮಾಡಿದೆ, ಎಸ್‌ಎಸ್‌ಡಿಯಲ್ಲಿರುವ ‘ಎಫ್‌ಎಸ್‌ಟ್ಯಾಬ್’ ತಿದ್ದುವುದು ಅದರ ಕೆಲಸ ಅಲ್ಲ. ಹೀಗಾಗಿ ಈಗ ಎಲ್ಲೂ ಇಲ್ಲದ ಎರಡು ಯುಯುಐಡಿಗಳಿಗಾಗಿ ಸಿಸ್ಟಮ್ ಕಾಯುತ್ತಾ ಕೂತಿದೆ. ಎಮರ್ಜೆನ್ಸಿಗೆ ತಳ್ಳಿದ್ದು ಬ್ಯಾಕಪ್ ಸಾಲು ಮಾತ್ರ. ಸ್ವಾಪ್ ಸಿಗದಿದ್ದರೆ ತಡ ಆಗುತ್ತದೆ, ಆದರೆ ಬೂಟ್ ನಿಲ್ಲುವುದಿಲ್ಲ.

ಸರಿಪಡಿಸುವುದು ಹೀಗೆ. ಎಮರ್ಜೆನ್ಸಿ ಮೋಡಿನಲ್ಲಿ ರೂಟ್ ಫೈಲ್‌ಸಿಸ್ಟಮ್ (ಸಿಸ್ಟಮ್ ಇರುವ ‘/’) ಕೆಲವೊಮ್ಮೆ ಓದುವುದಕ್ಕೆ ಮಾತ್ರ ಮೌಂಟ್ ಆಗಿರುತ್ತದೆ, ಸೇವ್ ಮಾಡಲು ಹೋದರೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಅನ್ನುತ್ತದೆ. ಹಾಗೆ ಬಂದರೆ ‘ಮೌಂಟ್ -ಓ ರೀಮೌಂಟ್,ಆರ್‌ಡಬ್ಲ್ಯೂ /’ ಕೊಡಿ. ‘ಎಫ್‌ಎಸ್‌ಟ್ಯಾಬ್’ನ ಒಂದು ಪ್ರತಿ ಇಟ್ಟುಕೊಂಡು, ನ್ಯಾನೋ ಎಡಿಟರಿನಲ್ಲಿ ತೆರೆದು ಬ್ಯಾಕಪ್ ಸಾಲನ್ನು ಹೀಗೆ ಮಾಡಿ:

ಯುಯುಐಡಿ=51ಡಿ8… /ಬ್ಯಾಕಪ್ ಎಕ್ಸ್‌ಟಿ4 ಡೀಫಾಲ್ಟ್ಸ್,ನೋಫೇಲ್,ಎಕ್ಸ್-ಸಿಸ್ಟಮ್‌ಡಿ.ಡಿವೈಸ್-ಟೈಮ್‌ಔಟ್=10ಎಸ್ 0 2

ಚುಕ್ಕಿ ಇರುವ ಕಡೆ ಪೂರ್ತಿ ಯುಯುಐಡಿ ಬರಬೇಕು. ಸ್ವಾಪ್ ಸಾಲಿನಲ್ಲಿ ಯುಯುಐಡಿ ಮಾತ್ರ ಬದಲಿಸಿ. ಇಷ್ಟು ಉದ್ದದ್ದನ್ನು ಕೈಯಲ್ಲಿ ಟೈಪ್ ಮಾಡಿದರೆ ಒಂದು ಅಕ್ಷರ ತಪ್ಪುವುದು ಸುಲಭ. ಯುಯುಐಡಿ ತೋರಿಸುವ ‘ಬಿಎಲ್‌ಕೆಐಡಿ’ ಕಮಾಂಡಿನ ಔಟ್‌ಪುಟ್ಟನ್ನೇ ಎರಡು ‘>>’ ಚಿಹ್ನೆ ಕೊಟ್ಟು ‘ಎಫ್‌ಎಸ್‌ಟ್ಯಾಬ್’ನ ಕೊನೆಗೆ ಸೇರಿಸಿ, ನ್ಯಾನೋದಲ್ಲಿ ಬೇಕಾದ್ದನ್ನು ಕತ್ತರಿಸಿ ಮೇಲೆ ಅಂಟಿಸಿ, ಉಳಿದದ್ದು ಅಳಿಸಿ. ಒಂದೇ ‘>’ ಕೊಟ್ಟರೆ ಇಡೀ ಫೈಲ್ ಅಳಿದುಹೋಗುತ್ತದೆ, ಅದಕ್ಕೇ ಪ್ರತಿ ಮೊದಲು ಅಂದೆ. ‘ಬಿಎಲ್‌ಕೆಐಡಿ’ ಒಂದೇ ಸಾಲಿನಲ್ಲಿ ಯುಯುಐಡಿ, ಪಾರ್ಟ್‌ಯುಯುಐಡಿ ಎರಡನ್ನೂ ತೋರಿಸುತ್ತದೆ. ನೋಡಲು ಎರಡೂ ಒಂದೇ ತರ. ಪಾರ್ಟ್‌ಯುಯುಐಡಿ ಪಾರ್ಟಿಷನ್ ಟೇಬಲ್ಲಿನದು, ಅದನ್ನು ‘ಯುಯುಐಡಿ=’ ಮುಂದೆ ಹಾಕಿದರೆ ಮತ್ತೆ ಇದೇ 90 ಸೆಕೆಂಡು.

ಸೇವ್ ಮಾಡಿದ ಕೂಡಲೇ ರೀಸ್ಟಾರ್ಟ್ ಮಾಡಬೇಡಿ. ‘ಫೈಂಡ್‌ಎಂಎನ್‌ಟಿ --ವೆರಿಫೈ’ ಕೊಡಿ, ಅದು ‘ಎಫ್‌ಎಸ್‌ಟ್ಯಾಬ್’ ಪೂರ್ತಿ ಓದಿ, ಸಿಗದ ಯುಯುಐಡಿ, ಇಲ್ಲದ ಫೋಲ್ಡರ್, ತಪ್ಪು ಫೈಲ್‌ಸಿಸ್ಟಮ್ ಹೆಸರು ಎಲ್ಲ ಹೇಳುತ್ತದೆ. ಇಷ್ಟು ಉಪಯೋಗದ ಕಮಾಂಡನ್ನು ಜನ ಬಳಸುವುದೇ ಕಡಿಮೆ. ಆಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’, ‘ಮೌಂಟ್ -ಎ’, ‘ಸ್ವಾಪ್‌ಆನ್ -ಎ’. ಯಾವುದೂ ದೂರು ಹೇಳದಿದ್ದರೆ ಆಗ ರೀಸ್ಟಾರ್ಟ್.

ಬೇರುಮಟ್ಟ

ಮೇಲಿನವರು ಹೇಳಿದ್ದೆಲ್ಲ ಸರಿ ಇದೆ. ‘ನೋಫೇಲ್’ ಬಗ್ಗೆ ಮಾತ್ರ ಒಂದು ವಿಷಯ ಸೇರಿಸಲೇಬೇಕು, ಯಾಕೆಂದರೆ ಅದನ್ನು ಹಾಕುತ್ತಿರುವುದು ಬ್ಯಾಕಪ್ ಡಿಸ್ಕಿಗೆ.

‘ನೋಫೇಲ್’ ಹಾಕಿದರೆ ಡಿಸ್ಕ್ ಬರದಿದ್ದರೂ ಬೂಟ್ ಮುಂದೆ ಹೋಗುತ್ತದೆ, ಸರಿ. ಆದರೆ ‘/ಬ್ಯಾಕಪ್’ ಅನ್ನುವ ಫೋಲ್ಡರ್ ಎಸ್‌ಎಸ್‌ಡಿ ಮೇಲೆ ಇದ್ದೇ ಇರುತ್ತದೆ, ಖಾಲಿಯಾಗಿ. ರಾತ್ರಿ ಬ್ಯಾಕಪ್ ನಕಲು ಮಾಡುವ ಆರ್‌ಸಿಂಕ್ ಸ್ಕ್ರಿಪ್ಟ್ ಓಡಿದರೆ ಅದಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಆ ಖಾಲಿ ಫೋಲ್ಡರಿಗೇ ತುಂಬುತ್ತಾ ಹೋಗುತ್ತದೆ, ಬೆಳಿಗ್ಗೆ ನೋಡಿದರೆ ರೂಟ್ 100% ತುಂಬಿ ಲಾಗಿನ್ ಕೂಡ ಆಗುವುದಿಲ್ಲ. ಇನ್ನೂ ಕಷ್ಟದ ಭಾಗ ಮುಂದಿದೆ. ಮುಂದಿನ ಬೂಟಿನಲ್ಲಿ ಡಿಸ್ಕ್ ಸರಿಯಾಗಿ ಮೌಂಟ್ ಆದರೆ, ಎಸ್‌ಎಸ್‌ಡಿ ಮೇಲೆ ಬಿದ್ದ ಆ ಫೈಲುಗಳು ಮೌಂಟಿನ ಅಡಿಯಲ್ಲಿ ಮುಚ್ಚಿಹೋಗುತ್ತವೆ. ಖಾಲಿ ಜಾಗ ಹೇಳುವ ‘ಡಿಎಫ್’ ಡಿಸ್ಕ್ ತುಂಬಿದೆ ಅನ್ನುತ್ತದೆ, ಫೋಲ್ಡರುಗಳ ಗಾತ್ರ ಹೇಳುವ ‘ಡಿಯು’ ಎಷ್ಟು ಕೂಡಿದರೂ ಲೆಕ್ಕ ಸಿಗುವುದಿಲ್ಲ. ಹಾಗೆ ಆದಾಗ ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಕೊಟ್ಟು ‘/ಎಂಎನ್‌ಟಿ/ಬ್ಯಾಕಪ್’ ಒಳಗೆ ನೋಡಬೇಕು, ಅಡಗಿದ್ದೆಲ್ಲ ಅಲ್ಲಿ ಕಾಣುತ್ತದೆ.

ಬರದಂತೆ ತಡೆಯುವುದು ಸುಲಭ. ಡಿಸ್ಕ್ ಮೌಂಟ್ ಆಗಿಲ್ಲದಾಗ ‘ಸಿಎಚ್‌ಎಟಿಟಿಆರ್ +ಐ /ಬ್ಯಾಕಪ್’ ಕೊಡಿ. ಆಮೇಲೆ ಆ ಖಾಲಿ ಫೋಲ್ಡರಿನಲ್ಲಿ ರೂಟ್ ಕೂಡ ಫೈಲ್ ಸೃಷ್ಟಿಸಲು ಆಗುವುದಿಲ್ಲ. ಡಿಸ್ಕ್ ಮೇಲೆ ಬಂದು ಮೌಂಟ್ ಆಗುವುದಕ್ಕೆ ಇದು ಅಡ್ಡಿ ಅಲ್ಲ, ಮೌಂಟ್ ಆದ ಮೇಲೆ ಬರೆಯುವುದು ಡಿಸ್ಕಿಗೆ ತಾನೆ. ಆರ್‌ಸಿಂಕ್ ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ‘ಮೌಂಟ್‌ಪಾಯಿಂಟ್ -ಕ್ಯೂ /ಬ್ಯಾಕಪ್ || ಎಕ್ಸಿಟ್ 1’ ಅಂತಲೂ ಹಾಕಿ. ಎರಡೂ ಇರಲಿ.

‘ಎಫ್‌ಎಸ್‌ಸಿಕೆ -ವೈ’ ಬಗ್ಗೆ ಕೇಳಿದ್ದಿರಿ. ಮೌಂಟ್ ಆಗಿರುವ ಫೈಲ್‌ಸಿಸ್ಟಮ್ ಮೇಲೆ ಅದನ್ನು ಯಾವತ್ತೂ ಓಡಿಸಬಾರದು. ನಿಮ್ಮ ಕೇಸಿನಲ್ಲಿ ಎಮರ್ಜೆನ್ಸಿ ಪರದೆಯ ಹಿಂದೆ ‘/ಡೇಟಾ’ ಮೌಂಟ್ ಆಗಿಯೇ ಇತ್ತು ಅಲ್ವಾ, ಮೌಂಟ್ ಆಗಿದೆ ಅಂತ ಹೇಳಿ ಪ್ರೋಗ್ರಾಮು ಸಾಮಾನ್ಯವಾಗಿ ನಿಂತುಬಿಡುತ್ತದೆ ನಿಜ, ಆದರೆ ಹೇಗೋ ಓಡಿಬಿಟ್ಟಿದ್ದರೆ ಚೆನ್ನಾಗಿರುವ ಫೈಲ್‌ಸಿಸ್ಟಮ್ಮೇ ಕೆಡುವ ಸಾಧ್ಯತೆ ಇತ್ತು. ಇನ್ನು ಕರ್ನಲ್ ಸಂದೇಶಗಳನ್ನು ತೋರಿಸುವ ‘ಡಿಮೆಸೇಜ್’ನಲ್ಲಿ ‘ಐ/ಓ ಎರರ್’ ಸಾಲುಗಳು ಬರುತ್ತಿದ್ದರೆ ಅದು ಬೇರೆ ಕಥೆ. ಆಗ ಮೊದಲು ಕೇಬಲ್ ನೋಡಿ, ‘ಸ್ಮಾರ್ಟ್‌ಸಿಟಿಎಲ್ -ಎ’ ಕೊಟ್ಟು ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಸಂಖ್ಯೆ ನೋಡಿ, ಡಿಸ್ಕ್ ಸಾಯುತ್ತಿದ್ದರೆ ರಿಪೇರಿಗೆ ಮೊದಲು ‘ಡಿಡಿರೆಸ್ಕ್ಯೂ’ನಿಂದ ಪ್ರತಿ ತೆಗೆದು, ಆ ಪ್ರತಿಯ ಮೇಲೆ ರಿಪೇರಿ ಮಾಡಿ.

ತಡರಾತ್ರಿ

ಇದೇ ಎಳೆಯಲ್ಲಿ ಕೇಳುತ್ತಿದ್ದೇನೆ, ಪರವಾಗಿಲ್ಲ ಅಂದುಕೊಳ್ಳುತ್ತೇನೆ. ನನ್ನದು ವಿಂಡೋಸ್, ಲಿನಕ್ಸ್ ಎರಡೂ ಇರುವ ಲ್ಯಾಪ್‌ಟಾಪ್. ವಿಂಡೋಸ್ ಬಳಸುವ ಎನ್‌ಟಿಎಫ್‌ಎಸ್ ಪಾರ್ಟಿಷನ್ ಒಂದನ್ನು ‘ಎಫ್‌ಎಸ್‌ಟ್ಯಾಬ್’ಗೆ ಹಾಕಿದ್ದೇನೆ. ಕೆಲವು ದಿನ ಸರಿಯಾಗಿ ಬೂಟ್ ಆಗುತ್ತದೆ, ಕೆಲವು ದಿನ ಎಮರ್ಜೆನ್ಸಿ ಮೋಡ್. ಯುಯುಐಡಿ ಸರಿ ಇದೆ, ನೋಡಿದ್ದೇನೆ. ಅಲ್ಲದೆ ನನಗೆ ಆ ಪರದೆಯಲ್ಲಿ ಪಾಸ್‌ವರ್ಡ್ ಕೂಡ ಕೇಳುವುದಿಲ್ಲ, ‘ರೂಟ್ ಅಕೌಂಟ್ ಈಸ್ ಲಾಕ್ಡ್’ ಅಂತ ಹೇಳಿ ನಿಂತುಬಿಡುತ್ತದೆ.

ಹಳೇಕರ್ನಲ್

@ತಡರಾತ್ರಿ, ಎಮರ್ಜೆನ್ಸಿ ಬರುವ ದಿನಕ್ಕೆ ಮುಂಚೆ ವಿಂಡೋಸನ್ನು ‘ಶಟ್ ಡೌನ್’ ಮಾಡಿರುತ್ತೀರಾ, ‘ರೀಸ್ಟಾರ್ಟ್’ ಮಾಡಿರುತ್ತೀರಾ? ಇದೊಂದು ಗಮನಿಸಿ. ‘ಫಾಸ್ಟ್ ಸ್ಟಾರ್ಟ್‌ಅಪ್’ ಆನ್ ಇದ್ದಾಗ ಶಟ್ ಡೌನ್ ಅಂದರೆ ಪೂರ್ತಿ ಮುಚ್ಚುವುದಲ್ಲ. ಕರ್ನಲ್ ಭಾಗ ಹೈಬರ್ನೇಟ್ ಆಗುತ್ತದೆ, ಎನ್‌ಟಿಎಫ್‌ಎಸ್ ಅರ್ಧ ಬಳಕೆಯಲ್ಲೇ ಇದ್ದ ಹಾಗೆ ಉಳಿಯುತ್ತದೆ. ಅಂಥದ್ದನ್ನು ಲಿನಕ್ಸ್ ಬರೆಯುವುದಕ್ಕೆ ತೆರೆಯಲು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಳೆಯ ಎನ್‌ಟಿಎಫ್‌ಎಸ್-3ಜಿ ಡ್ರೈವರ್ ಇದ್ದರೆ ಅದು ಓದುವುದಕ್ಕೆ ಮಾತ್ರ ಮೌಂಟ್ ಮಾಡಿ ಸುಮ್ಮನಾಗುತ್ತದೆ. 2021ರಲ್ಲಿ ಕರ್ನಲ್ 5.15 ಜೊತೆ ಬಂದ ಎನ್‌ಟಿಎಫ್‌ಎಸ್3 ಡ್ರೈವರ್, ವಾಲ್ಯೂಮ್ ‘ಡರ್ಟಿ’ ಅಂತ ಗುರುತು ಇದ್ದರೆ ಮೌಂಟ್ ಮಾಡುವುದೇ ಇಲ್ಲ. ‘ಡಿಮೆಸೇಜ್’ನಲ್ಲಿ ‘ವಾಲ್ಯೂಮ್ ಈಸ್ ಡರ್ಟಿ’ ಅಂತ ಸಾಲು ಇದ್ದರೆ ಇದೇ ಕಾರಣ.

‘ಫೋರ್ಸ್’ ಆಪ್ಷನ್ ಹಾಕಿ ಮೌಂಟ್ ಮಾಡಲು ಹೋಗಬೇಡಿ. ವಿಂಡೋಸಿಗೆ ಹೋಗಿ, ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ /ಎಚ್ ಆಫ್’ ಕೊಡಿ, ಆ ಡ್ರೈವಿನ ಮೇಲೆ ‘ಚೆಕ್‌ಡಿಸ್ಕ್’ ಓಡಿಸಿ, ಆಮೇಲೆ ಶಟ್ ಡೌನ್. ಈ ಕಡೆ ‘ಎಫ್‌ಎಸ್‌ಟ್ಯಾಬ್’ನಲ್ಲಿ ‘ನೋಫೇಲ್’ ಇರಲಿ, ಕೊನೆಯ ಸಂಖ್ಯೆ 0 ಇರಲಿ.

ರೂಟ್ ಅಕೌಂಟ್ ಲಾಕ್ ಆಗಿದ್ದಕ್ಕೆ, ಕಂಪ್ಯೂಟರ್ ಆನ್ ಆದಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಅಂತ ಶುರುವಾಗುವ ಸಾಲಿನ ಕೊನೆಗೆ ‘ಎಫ್‌ಎಸ್‌ಟ್ಯಾಬ್=ನೋ’ ಸೇರಿಸಿ ಕಂಟ್ರೋಲ್-ಎಕ್ಸ್ ಒತ್ತಿ. ಆ ಒಂದು ಬೂಟಿಗೆ ಮಾತ್ರ ಸಿಸ್ಟಮ್‌ಡಿ ಆ ಫೈಲನ್ನು ನೋಡುವುದಿಲ್ಲ. ಹೋಮ್ ಬೇರೆ ಪಾರ್ಟಿಷನ್ನಿನಲ್ಲಿ ಇದ್ದರೆ ಡೆಸ್ಕ್‌ಟಾಪ್ ಬರುವುದಿಲ್ಲ, ಆದರೆ ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ನಿಮ್ಮ ಹೆಸರಿನಲ್ಲೇ ಲಾಗಿನ್ ಆಗಿ ಸುಡೋದಿಂದ ತಿದ್ದಬಹುದು. ರೂಟ್ ಫೈಲ್‌ಸಿಸ್ಟಮ್ ಓದುವುದಕ್ಕೆ ಮಾತ್ರ ಇದ್ದರೆ ಮೇಲೆ ಹೇಳಿದ ರೀಮೌಂಟ್. ಅದೂ ಆಗದಿದ್ದರೆ ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ ಆ ಫೈಲ್ ತಿದ್ದಿ.

ಕಪ್ಪುಪರದೆ

ಬಂತು! ನೇರ ಲಾಗಿನ್ ಪರದೆಗೆ ಬಂತು. ‘/ಡೇಟಾ’ದಲ್ಲಿ ಎಲ್ಲ ಫೈಲುಗಳೂ ಇವೆ, ಕೆಲವನ್ನು ತೆರೆದೂ ನೋಡಿದೆ. ನಿಮಗೆಲ್ಲ ಎಷ್ಟು ಧನ್ಯವಾದ ಹೇಳಿದರೂ ಸಾಲದು. ‘ಫೈಂಡ್‌ಎಂಎನ್‌ಟಿ --ವೆರಿಫೈ’ ನಿಜಕ್ಕೂ ಉಪಯೋಗಕ್ಕೆ ಬಂತು, ಯುಯುಐಡಿ ಅಂಟಿಸುವಾಗ ಉಳಿದಿದ್ದ ಒಂದು ಕೋಟ್ ಚಿಹ್ನೆಯ ಸಾಲನ್ನು ಅದೇ ತೋರಿಸಿತು. ಬೇರುಮಟ್ಟ ಅವರು ಹೇಳಿದ ಹಾಗೆ ‘/ಬ್ಯಾಕಪ್’ ಅನ್‌ಮೌಂಟ್ ಮಾಡಿ ‘+ಐ’ ಹಾಕಿ, ಅಲ್ಲೊಂದು ಫೈಲ್ ಮಾಡಲು ಹೋದೆ. ‘ಆಪರೇಷನ್ ನಾಟ್ ಪರ್ಮಿಟೆಡ್’ ಅಂತ ತಡೆಯಿತು. ಮತ್ತೆ ಮೌಂಟ್ ಮಾಡಿದರೆ ಬರೆಯಲು ಆಗುತ್ತಿದೆ. ಸ್ಕ್ರಿಪ್ಟಿಗೂ ಆ ಸಾಲು ಸೇರಿಸಿದೆ.

ಒಂದು ಉಳಿದಿದೆ. ಗ್ರಬ್ ಆದ ಕೂಡಲೇ, ಸಿಸ್ಟಮ್‌ಡಿ ಸಾಲುಗಳು ಶುರುವಾಗುವ ಮೊದಲೇ, ಸುಮಾರು ಅರ್ಧ ನಿಮಿಷ ಪರದೆ ಸುಮ್ನೆ ನಿಲ್ಲುತ್ತದೆ. ‘ಗೇವ್ ಅಪ್ ವೇಟಿಂಗ್ ಫಾರ್ ಸಸ್ಪೆಂಡ್/ರೆಸ್ಯೂಮ್ ಡಿವೈಸ್’ ಅಂತ ಬಂದು ಮುಂದೆ ಹೋಗುತ್ತದೆ. ‘ಎಫ್‌ಎಸ್‌ಟ್ಯಾಬ್’ನಲ್ಲಿ ಸ್ವಾಪ್ ಸಾಲು ಸರಿ ಇದೆ, ಸ್ವಾಪ್ ಕೆಲಸವೂ ಮಾಡುತ್ತಿದೆ. ಮತ್ತೆ ಇದು ಎಲ್ಲಿಂದ?

ಬೇರುಮಟ್ಟ

ಒಳ್ಳೆಯ ಸುದ್ದಿ! ಆ ಅರ್ಧ ನಿಮಿಷ ಬರುತ್ತಿರುವುದು ಇನಿಟ್‌ರಾಮ್‌ಎಫ್‌ಎಸ್‌ನಿಂದ. ರೂಟ್ ಮೌಂಟ್ ಆಗುವುದಕ್ಕೂ ಮೊದಲು ಓಡುವ ಆ ಪುಟ್ಟ ಸಿಸ್ಟಮ್ಮಿಗೆ ‘ಹೈಬರ್ನೇಟ್ ಮಾಡಿದ್ದೇನಾದರೂ ಇದ್ದರೆ ಈ ಸ್ವಾಪಿನಲ್ಲಿ ಹುಡುಕು’ ಅಂತ ಒಂದು ಯುಯುಐಡಿ ಹೇಳಿಟ್ಟಿರುತ್ತದೆ. ಅದು ನಿಮ್ಮ ಎಸ್‌ಎಸ್‌ಡಿಯ ‘ಎಫ್‌ಎಸ್‌ಟ್ಯಾಬ್’ ನೋಡುವ ಹಂತಕ್ಕೇ ಇನ್ನೂ ಬಂದಿಲ್ಲ, ಹಾಗಾಗಿ ನೀವು ತಿದ್ದಿದ್ದು ಅದಕ್ಕೆ ಗೊತ್ತಿಲ್ಲ, ಹಳೆಯ ಎ93ಎಫ್ ಅನ್ನೇ ಹುಡುಕುತ್ತಿದೆ.

‘/ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಕಾನ್ಫ್.ಡಿ/ರೆಸ್ಯೂಮ್’ ಫೈಲ್ ತೆರೆಯಿರಿ. ಒಂದೇ ಸಾಲು ಇರುತ್ತದೆ. ಹೈಬರ್ನೇಟ್ ಬಳಸುವುದಾದರೆ ಅಲ್ಲಿ ಇ06ಬಿ ಯುಯುಐಡಿ ಪೂರ್ತಿ ಹಾಕಿ, ಬಳಸುವುದಿಲ್ಲ ಅಂದರೆ ‘ರೆಸ್ಯೂಮ್=ನನ್’ (‘ಯಾವುದೂ ಇಲ್ಲ’ ಅನ್ನುವ ಇಂಗ್ಲಿಷ್ ಪದ) ಅಂತ ಬರೆಯಿರಿ. ಎಡಗಡೆಯ ಪದ ಪೂರ್ತಿ ಕ್ಯಾಪಿಟಲ್ ಅಕ್ಷರದಲ್ಲಿ, ಬಲಗಡೆಯದು ಸಣ್ಣ ಅಕ್ಷರದಲ್ಲಿ. ಆಮೇಲೆ ‘ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು’ ಓಡಿಸಲೇಬೇಕು, ಫೈಲ್ ತಿದ್ದಿದರಷ್ಟೇ ಸಾಲದು. ಹಳೆಯ ಕರ್ನಲ್ ಕೂಡ ಗ್ರಬ್ ಮೆನುವಿನಲ್ಲಿ ಇಟ್ಟುಕೊಂಡಿದ್ದರೆ ‘-ಕೆ ಆಲ್’ ಸೇರಿಸಿ, ಇಲ್ಲದಿದ್ದರೆ ಹೊಸ ಕರ್ನಲ್ಲಿನದು ಮಾತ್ರ ಸರಿಹೋಗುತ್ತದೆ.

ಕಪ್ಪುಪರದೆ

ಹೈಬರ್ನೇಟ್ ಬಳಸುವುದಿಲ್ಲ, ‘ನನ್’ ಹಾಕಿ ‘-ಯು -ಕೆ ಆಲ್’ ಓಡಿಸಿದೆ. ಆ ನಿಲ್ಲುವಿಕೆ ಹೋಯಿತು, ‘ಸಿಸ್ಟಮ್‌ಸಿಟಿಎಲ್ --ಫೇಲ್ಡ್’ ಈಗ ಸೊನ್ನೆ ಯೂನಿಟ್ ಅನ್ನುತ್ತಿದೆ. ‘/ಡೇಟಾ’ದಿಂದ ಬ್ಯಾಕಪ್ಪಿಗೆ ಮೊದಲ ಆರ್‌ಸಿಂಕ್ ಓಡುತ್ತಿದೆ. ಎಳೆಯ ತಲೆಬರಹಕ್ಕೆ ‘ಪರಿಹಾರ ಸಿಕ್ಕಿದೆ’ ಅಂತ ಸೇರಿಸುತ್ತೇನೆ, ತಡರಾತ್ರಿ ಅವರದ್ದೂ ಸರಿಹೋದ ಮೇಲೆ.

ತಡರಾತ್ರಿ

ನನ್ನದೂ ಸೇರಿಸಿ. ‘ಡಿಮೆಸೇಜ್’ನಲ್ಲಿ ಹೇಳಿದ ಸಾಲೇ ಇತ್ತು. ವಿಂಡೋಸಿನಲ್ಲಿ ಹೈಬರ್ನೇಟ್ ಆಫ್ ಮಾಡಿ, ‘ಚೆಕ್‌ಡಿಸ್ಕ್’ ಓಡಿಸಿ, ಶಟ್ ಡೌನ್ ಮಾಡಿ ಬಂದೆ. ಎನ್‌ಟಿಎಫ್‌ಎಸ್ ಬರೆಯುವ ಹಾಗೆ ಮೌಂಟ್ ಆಗಿದೆ.